ಸೀರೆಯ ತೊಟ್ಟಿಲಲ್ಲಿ ಹೂಡಿಯ ಮೀನು

ಮೊಣಕಾಲು ಮುಳುಗುವ ಕೆಸರಿನಲ್ಲಿ ನಿಂತು ಸಿದ್ದಕ್ಕ ಒಂದು ಗೆಂಡೆ ಮೀನನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದಿದ್ದಾಳೆ. ಬೆಂಗಳೂರಿನ ಹೂಡಿಯ ಹಿಂಬದಿಯ ಈ ಕುಂಟೆಗೆ, ಈ ಪುಟ್ಟ ಕೆರೆಗೆ, ಬಿಸಿಲು ಇನ್ನೂ ಇಳಿದಿಲ್ಲ. ಸುತ್ತ ಎದ್ದ ಕಟ್ಟಡಗಳ ಮೇಲಿನ ಮಹಡಿಯ ಗಾಜಿಗೆ ಮೊದಲು ತಾಗಿ, ಅಲ್ಲಿ ಹಳಸಿ, ಆಮೇಲೆ ಇಲ್ಲಿಗೆ ಬರುವ ಬೆಳಕು ಅದು. ಅವಳು ಮೀನಿನ ಹೊಟ್ಟೆಯ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ನೀವುತ್ತಾಳೆ. ಸೂಲಗಿತ್ತಿಯ ಬೆರಳಿನಂಥ ಬೆರಳು. ಹೊಟ್ಟೆ ಗಟ್ಟಿಯಾಗಿದೆ. ಮೀನಿನ ಬಾಯಿಂದ ಕಂದುಬಣ್ಣದ್ದೇನೋ ಉದುರುತ್ತದೆ. ಬೆಲ್ಲ ಹತ್ತಿದ ಅನ್ನದ ಅಗುಳು.

ಅದನ್ನು ನೀರಿಗೆ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾಳೆ. ಅದೂ ಹಾಗೆಯೇ. ಮತ್ತೊಂದೂ ಹಾಗೆಯೇ. "ಯಾರ್ರೀ ಇವಕ್ಕ ಉಣಿಸಿದೋರು?" ಎಂದು ಅವಳು ಕೂಗುವುದಕ್ಕೆ ದಡದ ಹೊಂಗೆಮರದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. "ಬಾಯಿ ಬಿಟ್ಟು ಹೇಳ್ರಿ, ಯಾರು?"

ದಡದಲ್ಲಿ ನಿಂತ ಗೂಡ್ಸ್ ಗಾಡಿಯ ಮೇಲೆ ನೀಲಿ ಡ್ರಮ್ಮುಗಳಿಗೆ ಹಗ್ಗ ಬಿಗಿಯುತ್ತಿದ್ದ ಗಂಡ ಭೀಮಪ್ಪ ಕೈ ನಿಲ್ಲಿಸುತ್ತಾನೆ. ಈ ಕೂಗಿನ ಪರಿಚಯ ಅವನಿಗಿದೆ. ಏನೂ ಕೇಳದೆ, ಬಿಗಿದ ಹಗ್ಗವನ್ನು ಬಿಚ್ಚಲು ಶುರುಮಾಡುತ್ತಾನೆ. ಇವತ್ತು ಗಾಡಿ ಹೊರಡುವುದಿಲ್ಲ.

ವೈಟ್‌ಫೀಲ್ಡ್ ಸುತ್ತಿನ ಎಷ್ಟೋ ಫೋನುಗಳಲ್ಲಿ ಸಿದ್ದಕ್ಕನ ನಂಬರು 'ಫಿಶ್ ಶಿಫ್ಟಿಂಗ್' ಎಂಬ ಹೆಸರಿನಲ್ಲಿದೆ. ಕುಂಟೆ ಮುಚ್ಚುವವರು, ಬಾವಿ ತುಂಬಿಸುವವರು, ಕೆರೆಯ ನೀರು ಬಸಿದು ಹೂಳೆತ್ತುವವರು, ಅಂಗಳದ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿ ಬೇಸರ ಬಂದವರು ಅವಳನ್ನು ಕರೆಯುತ್ತಾರೆ. ನೀರು ಪೂರಾ ಇಳಿಯುವ ಮೊದಲು ಮೀನು ಹಿಡಿದು, ಉಸಿರು ಹೋಗದ ಹಾಗೆ ಇನ್ನೊಂದು ನೀರಿಗೆ ಮುಟ್ಟಿಸುವುದು ಅವಳ ಕೆಲಸ. ಕೆಲಸ ಮುಗಿದ ಮೇಲೆ ಕರೆದವರು ಅವಳನ್ನು ಮರೆಯುತ್ತಾರೆ. ಕುಂಟೆಯನ್ನು ಮರೆತವರಿಗೆ ಇದೇನು ದೊಡ್ಡದಲ್ಲ.

"ಹೆಸರು ಯಾರೂ ಕೇಳಂಗಿಲ್ಲ," ಎನ್ನುತ್ತಾಳೆ ಸಿದ್ದಕ್ಕ. "ಹೆಸರು ಕೇಳಿದ್ರ ಆಮ್ಯಾಲ ಕುರ್ಚಿ ಕೊಡಬೇಕಾಗತೈತಿ, ಚಾ ಕೊಡಬೇಕಾಗತೈತಿ. ಅದಕ್ಕ ಕೇಳಂಗಿಲ್ಲ."

ಕರೆದವರಿಗೆಲ್ಲ ಅವಳು ಹೇಳುವ ಮಾತೊಂದಿದೆ. ಹೊರಡುವ ಒಂದು ದಿನ ಮೊದಲಿಂದ ಮೀನಿಗೆ ಏನನ್ನೂ ಹಾಕಕೂಡದು. ಬ್ರೆಡ್ಡು ಬೇಡ, ಮಂಡಕ್ಕಿ ಬೇಡ, ಪ್ರೀತಿಯಿಂದ ಒಂದು ಕಾಳು ಕೂಡ ಬೇಡ. ಬರಿಹೊಟ್ಟೆಯ ಮೀನು ಪ್ರಯಾಣ ತಡೆಯುತ್ತದೆ, ಹೊಟ್ಟೆ ತುಂಬಿದ ಮೀನು ತಡೆಯುವುದಿಲ್ಲ. ಹೂಡಿಯ ಈ ಕುಂಟೆಗೂ ಅದನ್ನೇ ಹೇಳಿದ್ದಳು. ಹೇಳಿದ್ದು ಅಂಬರೀಶನಿಗೆ, ಇಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿರುವ ಕಂಪನಿಯ ಸೈಟ್ ಸೂಪರ್‌ವೈಸರನಿಗೆ. ಕಾಗದದಲ್ಲಿ ಇದು ಕುಂಟೆಯೇ ಅಲ್ಲವಂತೆ, ಬರೀ ಜಮೀನಂತೆ. ಇದನ್ನು ಮುಚ್ಚಿ ಇದೇ ಜಾಗದಲ್ಲಿ ಈಜುಕೊಳ ಕಟ್ಟುತ್ತಾರೆ. ಇದ್ದ ನೀರನ್ನು ಮಣ್ಣು ಹಾಕಿ ಕೊಂದು, ಟ್ಯಾಂಕರಿನ ನೀರು ತಂದು ತುಂಬುತ್ತಾರೆ. ಹೂಡಿಯಲ್ಲಿ ನೀರಿಗೆ ಬೆಲೆಯಿಲ್ಲ, ನೀರಿನ ಕೆಳಗಿನ ಮಣ್ಣಿಗೆ ಬೆಲೆ.

"ನಾನು ಹೇಳಿದ್ದೆ ಅಕ್ಕಾ," ಎನ್ನುತ್ತ ಅಂಬರೀಶ್ ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಾನೆ. "ಸೆಕ್ಯೂರಿಟಿಗೆ ಹೇಳಿದ್ದೆ. ಅವ್ನು ನೈಟ್ ಶಿಫ್ಟಿನವನಿಗೆ ಹೇಳ್ಲಿಲ್ಲ ಅನ್ಸುತ್ತೆ."

"ನೈಟ್ ಶಿಫ್ಟಿನವ ಬೆಲ್ಲದ ಅನ್ನ ಮಾಡಿ ಹಾಕಿದ್ನೇನು?"

ಅಷ್ಟರಲ್ಲಿ ದಡದ ಆಚೆಯಿಂದ ಒಂದು ದನಿ ಬರುತ್ತದೆ. "ನಾನೇ ಕಣಮ್ಮೀ ಆಕಿದ್ದು."

ಕುಂಟೆಗೆ ಬೆನ್ನು ತಾಗಿಸಿಕೊಂಡಿರುವ ಹೆಂಚಿನ ಮನೆಯ ವೆಂಕಟಮ್ಮ ಅವಳು. ಜಮೀನು ಕಂಪನಿಗೆ ಕೊಟ್ಟ ಕುಟುಂಬದ ಹಿರಿಯಳು. ಎಪ್ಪತ್ತು ದಾಟಿದೆ. ಕೈಯಲ್ಲಿ ತೊಳೆದ ಪಾತ್ರೆ ಇದೆ. "ನಿನ್ನೆ ಸಾಯಂಕಾಲ ಒಂದ್ ಸೇರು ಅಕ್ಕಿ ಬೇಯ್ಸಿ, ಬೆಲ್ಲ ಆಕಿ, ಆರಿಸ್ಕೊಂಡು ತಂದೆ. ಈ ಮನೆಗೆ ಬಂದಾಗ್ಲಿಂದ ದಿನಾ ಒಂದ್ ತುತ್ತು ಇವಕ್ಕೆ ಆಕ್ದೆ ನಾನು ಉಂಡಿಲ್ಲ. ಊರು ಬಿಟ್ಟು ಒಂಟವೆ. ತವ್ರಿಂದ ಒರಡೋ ಎಣ್ಮಕ್ಳನ್ನ ಬರೀ ಒಟ್ಟೇಲಿ ಕಳಿಸ್ತಾರಾ ಯಾರಾದ್ರೂ?"

"ಕಳಿಸಬೇಕಾಗತೈತ್ರಿ ಅಮ್ಮಾರ!" ಸಿದ್ದಕ್ಕನ ದನಿ ಇಳಿಯುವುದಿಲ್ಲ. "ನೀವು ಹಾಕಿದ್ದು ಅನ್ನ ಅಲ್ಲ, ವಿಷ. ಈ ಹೊಟ್ಟಿ ಹೊತ್ಕೊಂಡು ಡ್ರಮ್ಮಿನಾಗ ಕುಂತ್ರ ಕಾರೂದೂ ಅದರಾಗ, ಹೇಲೂದೂ ಅದರಾಗ, ಉಸಿರಾಡೂದೂ ಅದರಾಗ. ನಿಮ್ಮನ್ನ ಒಂದು ಬಸ್ಸಿನಾಗ ತುಂಬಿ, ಕಿಡಕಿ ಬಾಗಲಾ ಮುಚ್ಚಿ, ಎಲ್ಲಾ ಇಲ್ಲೇ ಮಾಡ್ಕೋರಿ ಅಂದ್ರ ಉಳೀತೀರೇನು? ಸರ್ಜಾಪುರದ ಹೊಸ ನೀರು ಮುಟ್ಟೂದ್ರಾಗ ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲ್ತಾವ."

ವೆಂಕಟಮ್ಮ ಪಾತ್ರೆಯನ್ನು ದಡದ ಮೇಲೆ ಕವುಚಿ ಇಡುತ್ತಾಳೆ. ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೀರನ್ನೇ ನೋಡುತ್ತಾಳೆ. ದಿನವೂ ಅವಳು ಬರುವ ಹೊತ್ತು ಇದೇ ಇರಬೇಕು. ದಡದ ಅಂಚಿಗೆ ಮೀನುಗಳು ಒಂದೊಂದೇ ಬಂದು ಬಾಯಿ ತೆರೆಯುತ್ತವೆ.

ಸಿದ್ದಕ್ಕನಿಗೆ ಒಳಗೊಳಗೇ ಗೊತ್ತು: ತಾನೇ ಹೋಗಿ ಆ ಮನೆಯ ಬಾಗಿಲು ತಟ್ಟಿ ಒಂದು ಮಾತು ಹೇಳಬಹುದಿತ್ತು. ದಿನಾ ಅನ್ನ ಹಾಕುವ ಕೈ ಒಂದಿದೆ ಎಂದು ನೀರಿನ ಅಂಚಿನ ಕಲ್ಲು ಸವೆದದ್ದನ್ನು ನೋಡಿಯೇ ಅವಳಿಗೆ ತಿಳಿದಿತ್ತು. ಹೋಗಲಿಲ್ಲ. ಇಷ್ಟು ವರ್ಷದ ಬೆಂಗಳೂರಿನಲ್ಲಿ ಓನರುಗಳ ಬಾಗಿಲೆಂದರೆ ಅವಳಿಗೆ ಮೈ ಉರಿಯುತ್ತದೆ. ಬಾಡಿಗೆ ಕೋಣೆಗಳ ಸಾಲಿನಲ್ಲಿ ನಲ್ಲಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿ ಮೇಲಿನ ಮಹಡಿಯಿಂದ ನೋಡುತ್ತ ನಿಲ್ಲುವ ಬಾಗಿಲುಗಳು. "ಮೀನಿನ ವಾಸನೆ" ಎಂದು ಮೂಗು ಮುಚ್ಚಿ ಡ್ರಮ್ಮುಗಳನ್ನು ಬೀದಿಗೆ ಹಾಕಿಸಿದ ಬಾಗಿಲುಗಳು. ಆ ಸಿಟ್ಟಿಗೆ ಇವತ್ತು ಕುಂಟೆಯ ಮೀನು ದಂಡ ತೆರಬೇಕಾಗಿದೆ. ಅದು ಗೊತ್ತಾಗಿಯೇ ಅವಳ ಸಿಟ್ಟು ಇನ್ನಷ್ಟು ಏರುತ್ತದೆ.

ಸಿದ್ದಕ್ಕ ಕೃಷ್ಣೆಯ ದಡದ ಅಂಬಿಗರ ಮಗಳು. ಅಪ್ಪ ಮೀನಮರಿಗಳನ್ನು ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು, ಸುತ್ತಿನ ಊರುಗಳ ಕೆರೆಗಳಿಗೆ ಒಯ್ದು ಬಿಡುತ್ತಿದ್ದ. ಅಪ್ಪ ದಣಿದು ನಿಂತಲ್ಲೆಲ್ಲ ಗಡಿಗೆಯಲ್ಲಿ ಕೈಯಿಟ್ಟು ನೀರು ಚಿಮ್ಮಿಸುವುದು ಹುಡುಗಿ ಸಿದ್ದಕ್ಕನ ಪಾಲಿನ ಕೆಲಸ. ಚಿಮ್ಮಿದ ನೀರು ಗಾಳಿ ಹಿಡಿದು ಗಡಿಗೆಗೆ ಮರಳುತ್ತದೆ. "ಕೈ ನಿಂತ್ರ ಉಸಿರು ನಿಂತಂಗ ಅಂತಿದ್ದ ನಮ್ಮಪ್ಪ. ತೂಕಡಿಸಿದ್ರ ಕಣ್ಣಿಗೆ ಅದ ನೀರು ಸಿಡಸ್ತಿದ್ದ," ಎಂದು ನಗುತ್ತಾಳೆ. ಅವಳ ಬಲಗೈಯ ಮಣಿಕಟ್ಟು ಈಗಲೂ ನಿದ್ದೆಯಲ್ಲಿ ಅಲ್ಲಾಡುತ್ತದೆಂದು ಭೀಮಪ್ಪ ಹೇಳುತ್ತಾನೆ.

ಮದುವೆಯಾದ ಮೇಲೆ ಭೀಮಪ್ಪನ ಜೊತೆ ಬೆಂಗಳೂರು. ಅವನು ಕಂಬಿ ಕಟ್ಟುವವನು, ಅವಳು ಜಲ್ಲಿ ಹೊರುವವಳು. ಒಂದು ಕಟ್ಟಡ ಮುಗಿದರೆ ತಗಡಿನ ಶೆಡ್ಡು ಕಿತ್ತು ಇನ್ನೊಂದು ಕಡೆಗೆ. ಕುಂದಲಹಳ್ಳಿಯ ಹತ್ತಿರ ಒಂದು ಪಾಯದ ಕೆಲಸದಲ್ಲಿ ಅವಳು ಕಂಡದ್ದನ್ನು ಇವತ್ತಿಗೂ ಸರಾಗವಾಗಿ ಹೇಳಲಾರಳು. ಅಲ್ಲೊಂದು ಗುಂಡಿಯಂಥ ಕುಂಟೆ ಇತ್ತು. ಮೋಟರು ಇಟ್ಟು ನೀರು ಎತ್ತಿದರು. ಕೆಸರಿನಲ್ಲಿ ಮೀನು ಕೊತಕೊತ ಕುದಿಯುವ ಹಾಗೆ ಕಾಣುತ್ತಿತ್ತು. ಕೂಲಿಯವರು ಸಾರಿಗೆ ಬೇಕಾದಷ್ಟು ಬಳಿದುಕೊಂಡರು, ಸಿದ್ದಕ್ಕನೂ ಒಂದು ಬುಟ್ಟಿ ತಂದಳು. ಉಳಿದದ್ದರ ಮೇಲೆ ಟಿಪ್ಪರು ಮಣ್ಣು ಸುರಿಯಿತು.

"ಮಣ್ಣು ಮಿಸುಕಾಡ್ತಿತ್ರಿ," ಎನ್ನುತ್ತಾಳೆ. "ಹಾಕಿದ ಮಣ್ಣು ಮ್ಯಾಲ ಕೆಳಗ ಆಗ್ತಿತ್ತು. ನಾನು ಮೀನ ತಿನ್ನೋ ಪೈಕಿ. ತಿನ್ನಾಕ ಹಿಡದ್ರ ಅದಕ್ಕೊಂದು ಮರ್ಯಾದಿ ಐತಿ. ಹಿಡಿದೋನೂ ಬದುಕ್ತಾನ. ಹಿಂಗ ಯಾರಿಗೂ ಬ್ಯಾಡಾಗಿ, ಯಾರ ಬಾಯಿಗೂ ಹೋಗದ, ಉಸಿರು ಕಟ್ಟಿಸಿ ಕೊಲ್ಲೂದಕ್ಕ ಏನ ಅಂತೀರಿ?" ಅವತ್ತು ಅವಳು ಜಲ್ಲಿ ಹೊರುವ ಬಾಂಡ್ಲಿಯಲ್ಲೇ ಕೈಗೆ ಸಿಕ್ಕಷ್ಟು ಮೀನು ತುಂಬಿ, ಗೋಡೆಗೆ ನೀರುಣಿಸಲು ಕಟ್ಟಿದ್ದ ತೊಟ್ಟಿಗೆ ಬಿಟ್ಟಳು. ಮೇಸ್ತ್ರಿ ಬೈದ. ಆ ತೊಟ್ಟಿಯಿಂದ ಅವನ್ನು ವರ್ತೂರಿನ ಕಡೆಯ ಒಂದು ತೋಟದ ಹೊಂಡಕ್ಕೆ ಒಯ್ದಾಗ ನೋಡಿದ ಯಾರೋ ಇನ್ಯಾರಿಗೋ ಹೇಳಿದರು. ಹಾಗೆ ಶುರುವಾದ ಕೆಲಸ ಇದು. ಭೀಮಪ್ಪ ಬೆನ್ನು ನೋವಿಗೆ ಕಂಬಿ ಬಿಟ್ಟು ಗಾಡಿ ಹಿಡಿದ ಮೇಲೆ ಗಂಡಹೆಂಡಿರಿಬ್ಬರದೂ ಇದೇ ಕಸುಬು.

ಮೋಸವನ್ನೂ ಕಂಡಿದ್ದಾಳೆ. ಒಂದು ದೊಡ್ಡ ಕಂಪನಿಯ ಅಂಗಳದ ಕೊಳಕ್ಕೆ ಒಮ್ಮೆ ಊರಕುಂಟೆಯ ಮೀನು ತಂದು ಬಿಟ್ಟಳು. ಹೂಗುಚ್ಛ ಕೊಟ್ಟರು, ಫೋಟೊ ತೆಗೆದರು. ಕೆಲವು ತಿಂಗಳಾದ ಮೇಲೆ ವಿದೇಶದ ಅತಿಥಿಗಳು ಬರುತ್ತಾರೆಂದು ಕೊಳ ಪಳಪಳ ಹೊಳೆಯಲಿ ಎಂದು ಬ್ಲೀಚಿಂಗ್ ಪುಡಿ ಸುರಿದರಂತೆ. ತೇಲಿದ್ದನ್ನು ಬಾಚಲು ಮತ್ತೆ ಅವಳಿಗೇ ಫೋನು. ಅವತ್ತಿನಿಂದ ಸಿದ್ದಕ್ಕ ಹೊಸ ನೀರನ್ನು ತಾನೇ ಹೋಗಿ ನೋಡದೆ, ಬಲೆಯಲ್ಲಿ ನಾಲ್ಕು ಮೀನು ಇಳಿಬಿಟ್ಟು ಪರೀಕ್ಷೆ ಮಾಡದೆ ಯಾವ ಕೆಲಸವನ್ನೂ ಒಪ್ಪುವುದಿಲ್ಲ. ಈ ಸಲದ ನೀರು ಸರ್ಜಾಪುರದ ಆಚೆ, ಊರವರು ದನ ಮೈತೊಳೆಯುವ ಒಂದು ಕುಂಟೆ. ಅವಳೇ ನೋಡಿ ಆರಿಸಿದ್ದು. ನೀರು ಒಳ್ಳೆಯದಿದೆ. ಅಲ್ಲಿಯವರೆಗೆ ಜೀವ ಹಿಡಿದು ಮುಟ್ಟಿಸಬೇಕು, ಅಷ್ಟೇ. ಬೆಲ್ಲದ ಅನ್ನ ತಿಂದ ಹೊಟ್ಟೆಯಲ್ಲಿ ಅದು ಆಗದ ಮಾತು.

ಬಿಸಿಲು ಕುಂಟೆಗೆ ಇಳಿದಿದೆ. ರಸ್ತೆಯಲ್ಲಿ ಮಣ್ಣು ತುಂಬಿದ ಟಿಪ್ಪರುಗಳು ಬಂದು ಸಾಲು ನಿಂತಿವೆ.

"ಅಕ್ಕಾ, ಇವತ್ತೇ ಕ್ಲಿಯರ್ ಆಗ್ಬೇಕು," ಎನ್ನುತ್ತಾನೆ ಅಂಬರೀಶ್. "ಮೇಲಿನವ್ರು ನನ್ನ ತಿಂದಾಕ್ತಾರೆ. ಸಿಕ್ಕಷ್ಟು ತುಂಬ್ಕೊಂಡ್ ಹೋಗ್ಬಿಡಿ. ದಾರೀಲಿ ಒಂದಷ್ಟು ಹೋದ್ರೆ ಹೋಗುತ್ತೆ, ಏನ್ ಮಾಡೋಕಾಗುತ್ತೆ? ಲೋಡ್ ಮಾಡೋ ಫೋಟೊ ಒಂದು ಬೇಕಷ್ಟೆ ನಮಗೆ."

ಸಿದ್ದಕ್ಕ ಭೀಮಪ್ಪನ ಕಡೆಗೆ ಕೈ ಚಾಚುತ್ತಾಳೆ. ಅವನು ನಟ್ಟು ಬಿಚ್ಚುವ ಪಾನೆ ಕೊಡುತ್ತಾನೆ. ಕೆಸರು ತುಳಿಯುತ್ತ, ಕುಂಟೆ ಬಸಿಯಲು ಕಂಪನಿ ಇಟ್ಟ ಮೋಟರಿನ ಪೈಪು ಇಳಿಬಿಟ್ಟ ಜಾಗಕ್ಕೆ ಹೋಗಿ, ಪೈಪಿನ ತುದಿ ಎತ್ತಿ, ಫುಟ್‌ವಾಲ್ವನ್ನು ತಿರುಗಿಸಿ ಬಿಚ್ಚುತ್ತಾಳೆ. ಅದಿಲ್ಲದ ಮೋಟರು ಎಷ್ಟು ಕಿರುಚಿದರೂ ಗುಟುಕು ನೀರು ಎತ್ತಲಾರದು, ನೀರು ಪೂರಾ ಇಳಿಯದೆ ಮಣ್ಣು ಸುರಿಯುವಂತಿಲ್ಲ. ದಡಕ್ಕೆ ಬಂದು ಅದನ್ನು ನೆಲದ ಮೇಲಿಟ್ಟು, ಸೀರೆ ಮೇಲೆತ್ತಿ ಕಟ್ಟಿ, ಅದರ ಮೇಲೆಯೇ ಕೂರುತ್ತಾಳೆ.

"ನಾಳಿ ಹೊತ್ತು ಹುಟ್ಟೂತನಕ ಇದರ ಮ್ಯಾಲ ಕುಂತಿರ್ತೀನಿ. ಇವುಗಳ ಹೊಟ್ಟಿ ಖಾಲಿ ಆಗಲಿ. ಎಬ್ಬಿಸೋ ಧೈರ್ಯ ಇದ್ದೋರು ಬರ್ರಿ."

"ಅಕ್ಕಾ, ನನ್ನ ಬೈತಾರೆ!"

"ಬೈಸ್ಕೋ. ಬೈಗುಳ ತಿಂದು ಸತ್ತೋರನ್ನ ನಾ ನೋಡಿಲ್ಲ."

ಭೀಮಪ್ಪ ಬೀಡಿ ಹಚ್ಚುತ್ತ ಅಂಬರೀಶನ ಪಕ್ಕಕ್ಕೆ ಬರುತ್ತಾನೆ. "ಸಾರ್, ಆಕಿ ಒಮ್ಮೆ ಕುಂತ್ರ ಏಳಂಗಿಲ್ಲ. ನಾನು ಮದುವಿ ಆದಾಗಿಂದ ನೋಡಾಕತ್ತೀನಿ. ಟಿಪ್ಪರಿನವರಿಗೆ ನಾಷ್ಟಾ ಮಾಡಿ ಮಲ್ಕೊಳ್ಳಾಕ ಹೇಳ್ರಿ."

ಅಂಬರೀಶ್ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾನೆ. ಅಂಗಡಿಯಿಂದ ಇನ್ನೊಂದು ಫುಟ್‌ವಾಲ್ವು ತರಿಸಿ ಕೆಲಸ ಮುಂದುವರಿಸು ಎಂದು ಅತ್ತಲಿಂದ ಅಪ್ಪಣೆಯಾಗಿರಬೇಕು. ಬೈಕಿನ ಕಡೆ ಹೊರಡುತ್ತಾನೆ. ಸಿದ್ದಕ್ಕನ ಮುಖದ ಬಣ್ಣ ಇಳಿಯುತ್ತದೆ. ಅಂಗಡಿ ದೂರವಿಲ್ಲ.

ಆಗ ವೆಂಕಟಮ್ಮ ಏಳುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಡ ಇಳಿದು, ಸಿದ್ದಕ್ಕ ಕೂಗುತ್ತಿದ್ದರೂ ಕೇಳದೆ, ನೇರ ಕೆಸರಿಗೆ ಹೋಗಿ ನಿಲ್ಲುತ್ತಾಳೆ. "ಓಗಪ್ಪಾ, ಓಗಿ ತಗೊಂಬಾ," ಎನ್ನುತ್ತಾಳೆ ಅಂಬರೀಶನಿಗೆ. "ಬರೋವರ್ಗೂ ಇಲ್ಲೇ ಇರ್ತೀನಿ. ಮಣ್ಣು ಉಯ್ಯೋದಿದ್ರೆ ನನ್ನ ತಲೆ ಮೇಲೇ ಉಯ್ಯಿ. ಆಮೇಲೆ ನನ್ನ ಮಕ್ಕಳಿಗೆ ನೀನೇ ಏಳ್ಕೊ, ಅವ್ವ ಎಲ್ಲವ್ಳೆ ಅಂತ."

ಅಂಬರೀಶ್ ಬೈಕು ಶುರುಮಾಡುವುದಿಲ್ಲ. ಜಮೀನು ಕೊಟ್ಟ ಮನೆಯ ಮುದುಕಿ ಕೆಸರಿನಲ್ಲಿ ನಿಂತಿರುವ ಫೋಟೊ ಯಾವ ಕಂಪನಿಗೂ ಬೇಡ. ನಾಳೆ ಬೆಳಗಿನವರೆಗೆ ಕಾಯುವುದೆಂದು ಒಪ್ಪಿಗೆಯಾಗುತ್ತದೆ. ಟಿಪ್ಪರುಗಳು ಒಂದೊಂದಾಗಿ ಹಿಂದಕ್ಕೆ ತಿರುಗುತ್ತವೆ.

ಆ ಹಗಲೆಲ್ಲ ಸಿದ್ದಕ್ಕ ತೊಟ್ಟಿಲು ಕಟ್ಟುತ್ತಾಳೆ. ಹಳೆಯ ನೂಲಿನ ಸೀರೆಗಳನ್ನು ಒಂದಕ್ಕೊಂದು ಹೊಲಿದು, ನಾಲ್ಕು ಬಿದಿರಿಗೆ ನಾಲ್ಕು ಮೂಲೆ ಕಟ್ಟಿ, ಕುಂಟೆಯಲ್ಲಿ ಉಳಿದ ಆಳದ ಮೂಲೆಗೆ ಇಳಿಬಿಟ್ಟ ಜೋಳಿಗೆ ಅದು. ಬಲೆ ಮೀನಿನ ಮೈ ಗೀರುತ್ತದೆ, ತೊಳೆದು ತೊಳೆದು ಮೆತ್ತಗಾದ ಸೀರೆ ಗೀರುವುದಿಲ್ಲ. ಅದರೊಳಗಿನ ಮೀನಿಗೆ ತಳದ ಕೆಸರಿನಲ್ಲಿ ಬಿದ್ದ ಅನ್ನ ಸಿಗುವುದಿಲ್ಲ, ತಿಂದದ್ದು ಕರಗಿ ಹೋಗುತ್ತದೆ. ಇದ್ದ ಸೀರೆಗಳು ಇಷ್ಟೊಂದು ಮೀನಿಗೆ ಸಾಲವು. ವೆಂಕಟಮ್ಮ ಕಾಲು ತೊಳೆದು ಮನೆಗೆ ಹೋಗಿ ಒಂದು ಗಂಟು ಹೊತ್ತು ತರುತ್ತಾಳೆ.

"ರೇಷ್ಮಿ ಬ್ಯಾಡ್ರಿ ಅಮ್ಮಾರ," ಎಂದು ಸಿದ್ದಕ್ಕ ಗಂಟು ಬಿಚ್ಚಿ ಅರ್ಧ ವಾಪಸು ಇಡುತ್ತಾಳೆ. "ಜರಿ ಚುಚ್ಚತೈತಿ."

"ನಂಗೂ ಚುಚ್ತಿತ್ತು. ಒಂದ್ ದಿನಾನೂ ಬಾಯ್ಬಿಟ್ಟು ಏಳ್ಲಿಲ್ಲ," ಎನ್ನುತ್ತಾಳೆ ವೆಂಕಟಮ್ಮ. ಬೆಳಗಿನಿಂದ ಮೊದಲ ಸಲ ಸಿದ್ದಕ್ಕ ನಗುತ್ತಾಳೆ.

ಮೀನನ್ನು ತೊಟ್ಟಿಲಿಗೆ ತುಂಬುವಾಗಲೇ ಆಯ್ಕೆಯೂ ನಡೆಯುತ್ತದೆ. ಗೆಂಡೆ, ಕಾಟ್ಲಾ, ಕೊರವ ಜಾತಿಯ ಮೀನು ಒಳಕ್ಕೆ. ಜಿಲೇಬಿ ಮೀನು ಮಾತ್ರ ಬುಟ್ಟಿಗೆ. ಅದು ಹೋದ ನೀರಿನಲ್ಲೆಲ್ಲ ಉಳಿದವುಗಳ ಮೊಟ್ಟೆ ಮರಿ ತಿಂದು ತಾನೊಂದೇ ಊರಾಗುತ್ತದೆ. "ಇವು ಸಾರಿಗೆ," ಎಂದು ಸಿದ್ದಕ್ಕ ಸೆಕ್ಯೂರಿಟಿಯವನ ಕೈಗೆ ಬುಟ್ಟಿ ಕೊಡುತ್ತಾಳೆ. ವೆಂಕಟಮ್ಮ ಮುಖ ಆಚೆ ತಿರುಗಿಸುತ್ತಾಳೆ. ಇವಕ್ಕೂ ಅವಳು ಅನ್ನ ಹಾಕಿದವಳೇ.

ಬೆಳ್ಳಕ್ಕಿ ಓಡಿಸುತ್ತ ಹೊಂಗೆಯ ನೆರಳಿನಲ್ಲಿ ಇಬ್ಬರೂ ಕೂತಾಗ ಮಾತು ತಾನಾಗಿ ಬರುತ್ತದೆ. ಕುಂಟೆ ಕೊಡುವಾಗ ನಿಮ್ಮನ್ನು ಕೇಳಲಿಲ್ಲವೇ ಎಂದು ಸಿದ್ದಕ್ಕ ಕೇಳುತ್ತಾಳೆ. "ಎಲ್ಲಿ ಕೇಳಿದ್ರು? ಆಪೀಸಿಗೆ ಕರ್ಕೊಂಡೋದ್ರು, ಇಲ್ಲಿ ಸೈನ್ ಆಕಮ್ಮ ಅಂದ್ರು, ಆಕ್ದೆ. ನೀರು ಯಾಕೆ ಮುಚ್ತೀರಿ ಅಂತ ನಾನೂ ಕೇಳ್ಲಿಲ್ಲ. ಕೇಳ್ಬೋದು ಅಂತಾನೇ ತಲೆಗ್ ಒಳೀಲಿಲ್ಲ ಕಣಮ್ಮಿ."

ಸಿದ್ದಕ್ಕನಾದರೆ ಕೇಳುತ್ತಾಳೆ. ಫೋನು ಬಂದ ಕೂಡಲೇ ಎಲ್ಲರಿಗೂ ಅವಳು ಹಾಕುವ ಮೊದಲ ಪ್ರಶ್ನೆಯೇ ಅದು: ನೀರು ಯಾಕ ಖಾಲಿ ಮಾಡಾಕತ್ತೀರಿ? ಎಷ್ಟು ಮೀನು, ಎಷ್ಟು ದೂರ ಎನ್ನುವುದೆಲ್ಲ ಆಮೇಲಿನದು. "ಅದಕ್ಕ ಅರ್ಧ ಮಂದಿ ಫೋನ್ ಕಟ್ ಮಾಡ್ತಾರ," ಎಂದು ಭೀಮಪ್ಪ ಗಾಡಿಯ ಕೆಳಗೆ ಮಲಗಿದ್ದಲ್ಲಿಂದಲೇ ಗೊಣಗುತ್ತಾನೆ. "ಹೋಟೆಲ್ನವ ಬಂದ ಗಿರಾಕೀನ ಯಾಕ ಹಸದೀಯೋ ಅಂತ ಕೇಳ್ದಂಗ."

"ಬೊಮ್ಮನಹಳ್ಳೀದು ಹೇಳು ಮತ್ತ," ಎನ್ನುತ್ತಾಳೆ ಸಿದ್ದಕ್ಕ.

ಭೀಮಪ್ಪ ಮಗ್ಗುಲಾಗುತ್ತಾನೆ, ಅವಳೇ ಹೇಳುತ್ತಾಳೆ. ಬೊಮ್ಮನಹಳ್ಳಿಯಲ್ಲಿ ಒಂದು ಗಾರ್ಮೆಂಟ್ ಕಾರ್ಖಾನೆಯ ಹಿಂದೆ ಹಳೆಯ ಬಾವಿ. ಮುಚ್ಚುತ್ತೇವೆ, ಬಂದು ಮೀನು ಒಯ್ಯಿರಿ ಎಂದು ಅಲ್ಲಿನ ಮ್ಯಾನೇಜರ್ ಹೆಂಗಸು ಫೋನ್ ಮಾಡಿದ್ದಳು. ನೀರು ಯಾಕ ಎಂದು ಸಿದ್ದಕ್ಕ ಕೇಳಿದಳು. "ಗೊತ್ತಿಲ್ಲ ಕಣಕ್ಕ, ಕೇಳಿ ಹೇಳ್ತೀನಿ" ಎಂದಳು ಆ ಹೆಂಗಸು. ಮತ್ತೆ ಫೋನು ಬರಲಿಲ್ಲ. ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಸಿದ್ದಕ್ಕ ಗಾಡಿ ನಿಲ್ಲಿಸಿ ಇಣುಕಿದರೆ, ಬಾವಿ ಇತ್ತು. ಮೇಲೊಂದು ಜಾಲರಿ ಹಾಕಿದ್ದರು. ಕೆಳಗೆ ಮೀನು ಆಡುತ್ತಿದ್ದವು. ಇಷ್ಟು ವರ್ಷದಲ್ಲಿ ಅದೊಂದೇ. ಮೀನು ಮುಟ್ಟದೆ ಮೀನು ಉಳಿಸಿದ ಕೆಲಸ ಅದೊಂದೇ ಎಂದು 'ಫಿಶ್ ಶಿಫ್ಟಿಂಗ್' ಸಿದ್ದಕ್ಕ ಹೇಳುವಾಗ ಅವಳ ದನಿಯಲ್ಲಿ ಸಿಟ್ಟು ಇರುವುದಿಲ್ಲ.

ಮರುದಿನ ಬೆಳಕು ಹರಿಯುವಾಗ ಅವಳು ಮತ್ತೆ ಕೆಸರಿನಲ್ಲಿದ್ದಾಳೆ. ಒಂದು ಗೆಂಡೆ ಎತ್ತಿ ಹೊಟ್ಟೆ ನೀವುತ್ತಾಳೆ. ಹೊಟ್ಟೆ ಬೆನ್ನಿಗೆ ಹತ್ತಿದೆ. "ಹೊರಡೂಣು," ಎನ್ನುತ್ತಾಳೆ. ಡ್ರಮ್ಮುಗಳಿಗೆ ಮೊದಲು ಇದೇ ಕುಂಟೆಯ ನೀರು, ನಲ್ಲಿಯದಲ್ಲ, ಟ್ಯಾಂಕರಿನದಲ್ಲ. ದೊಡ್ಡವು ಬೇರೆ, ಸಣ್ಣವು ಬೇರೆ, ಇಕ್ಕಟ್ಟಾಗದ ಹಾಗೆ. ಮೇಲೆ ಒದ್ದೆ ಗೋಣಿ. ಕತ್ತಲಾದರೆ ಮೀನು ಹಾರುವುದಿಲ್ಲ. ಬ್ಯಾಟರಿಯ ಗಾಳಿಪಂಪಿನ ಕೊಳವೆ ಒಂದೊಂದು ಡ್ರಮ್ಮಿಗೆ ಒಂದೊಂದು. ಅಂಬರೀಶ್ ಫೋಟೊ ತೆಗೆದುಕೊಳ್ಳುತ್ತಾನೆ. ವೆಂಕಟಮ್ಮ ಚಪ್ಪಲಿ ಹಾಕಿಕೊಂಡು ಬಂದು ಗಾಡಿಯ ಹಿಂದೆ ನಿಂತಿದ್ದಾಳೆ.

"ಮಗಳ ಮನೆ ನೋಡ್ದೆ ಇರಕ್ಕಾಯ್ತದಾ? ಗಾಡಿಗ್ ಅತ್ತಿಸ್ರಿ."

ಮುಂದೆ ಕೂರಿ ಎಂದರೆ ಕೇಳುವುದಿಲ್ಲ. ಡ್ರಮ್ಮುಗಳ ನಡುವೆ, ಸಿದ್ದಕ್ಕನ ಎದುರಿಗೆ, ಮಡಚಿದ ಗೋಣಿಯ ಮೇಲೆ ಕೂರುತ್ತಾಳೆ. ಹೂಡಿಯ ಗಲ್ಲಿಗಳನ್ನು ದಾಟಿ ಗಾಡಿ ರಸ್ತೆಗೆ ಬರುತ್ತದೆ. ಕುಂದಲಹಳ್ಳಿ ಗೇಟಿನ ಹತ್ತಿರ ಆಫೀಸಿನ ಕ್ಯಾಬುಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಇಲ್ಲಿಯೇ ಮೀನು ಸಾಯುವುದು. ಓಡುವ ಗಾಡಿಯಲ್ಲಿ ನೀರು ತಾನಾಗಿ ಕುಲುಕಿ ಉಸಿರು ಹಿಡಿಯುತ್ತದೆ, ನಿಂತ ಗಾಡಿಯಲ್ಲಿ ಅದೂ ನಿಲ್ಲುತ್ತದೆ. ಬಿಸಿಲೇರುತ್ತಿದೆ. ಇವತ್ತೇ ಗಾಳಿಪಂಪು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಸಿದ್ದಕ್ಕ ಗೋಣಿ ಸರಿಸಿ, ಒಂದು ಕೈ ಒಂದು ಡ್ರಮ್ಮಿಗೆ, ಇನ್ನೊಂದು ಕೈ ಇನ್ನೊಂದಕ್ಕೆ ಹಾಕಿ ನೀರು ಚಿಮ್ಮಿಸತೊಡಗುತ್ತಾಳೆ. ಡ್ರಮ್ಮುಗಳು ಕೈಗಿಂತ ಹೆಚ್ಚಿವೆ. "ಅಮ್ಮಾರ, ಬಳಿ ತಗದು ಕೈ ಹಾಕ್ರಿ!" ವೆಂಕಟಮ್ಮನ ಬಳೆ ಗಂಟುಬಿದ್ದ ಬೆರಳುಗಳನ್ನು ದಾಟುವುದಿಲ್ಲ. ಗಾಡಿಯ ಅಂಚಿಗೆ ಎರಡೂ ಕೈ ಬಡಿದು ಗಾಜು ಒಡೆದು ಉದುರಿಸುತ್ತಾಳೆ. ಗಂಡ ಸತ್ತ ದಿನವೂ ಬೇರೆಯವರಿಗೆ ಒಡೆಯಲು ಬಿಡದ ಬಳೆಗಳು. ಮೊಣಕೈವರೆಗೆ ನೀರಿಗಿಳಿಸುತ್ತಾಳೆ. ಗೊತ್ತಿರುವ ಕೈ ಎಂದೋ ಏನೋ, ಮೀನು ಬಂದು ಬೆರಳಿಗೆ ಬಾಯಿ ಹಚ್ಚುತ್ತವೆ.

ಪಕ್ಕದ ಬೈಕಿನವನು ಹೆಲ್ಮೆಟ್ ಎತ್ತಿ ಇಣುಕುತ್ತಾನೆ. "ಆಂಟಿ, ಕೆಜಿ ಹೆಂಗೆ?"

"ನಿನ್ನ ತೂಕ ಎಷ್ಟೈತಿ ಹೇಳು, ನಿನ್ನೂ ಸೇರಿಸಿ ರೇಟು ಹಾಕೂಣು," ಎನ್ನುತ್ತಾಳೆ ಸಿದ್ದಕ್ಕ, ಕೈ ನಿಲ್ಲಿಸದೆ. ಬೈಕಿನವನು ನಗುತ್ತ ಹಿಂದೆ ತಿರುಗಿ ಕ್ಯಾಬಿನವನಿಗೆ ಏನೋ ಹೇಳುತ್ತಾನೆ. ಕ್ಯಾಬು ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಭೀಮಪ್ಪ ಆ ಸಂದಿಯಲ್ಲಿ ಗಾಡಿ ತೂರಿಸುತ್ತಾನೆ.

ಸರ್ಜಾಪುರದಾಚೆಯ ಕುಂಟೆ ತಲುಪಿದಾಗ ಇಬ್ಬರ ತೋಳೂ ಸೋತಿವೆ. ಆದರೂ ಸಿದ್ದಕ್ಕ ಮೀನನ್ನು ಸುರಿಯುವುದಿಲ್ಲ. ಡ್ರಮ್ಮನ್ನು ನೀರಿನ ಅಂಚಿಗೆ ಇಳಿಸಿ, ಹೊಸ ನೀರನ್ನು ಒಂದು ಚೊಂಬು ಹಾಕಿ ಕಾಯುತ್ತಾಳೆ. ಇನ್ನೊಂದು ಚೊಂಬು. ಮತ್ತೆ ಕಾಯುವುದು.

"ಬಂದಾಯ್ತಲ್ಲ, ಬಿಟ್ಬಿಡಬಾರ್ದಾ?" ಎನ್ನುತ್ತಾಳೆ ವೆಂಕಟಮ್ಮ.

"ಒಮ್ಮೆಲೆ ಬಿಟ್ರ ಎದಿ ಒಡಕೊಂಡು ಸಾಯ್ತಾವ. ಈ ನೀರಿನ ಥಂಡಿ ಬ್ಯಾರೆ, ರುಚಿ ಬ್ಯಾರೆ. ತವರಿನ ನೀರಿನಾಗ ಇದ್ದಾಗನ ಇದರ ಪರಿಚಯ ಆಗಬೇಕು." ಚೊಂಬು ಅದ್ದುತ್ತ ಸಿದ್ದಕ್ಕ ಒಂದು ಕ್ಷಣ ನಿಲ್ಲುತ್ತಾಳೆ. "ನಮ್ಮನ್ನ ಮಾತ್ರ ಮದುವಿ ಮಾಡಿ ಹಂಗ ಸುರದ್ರಲ್ರಿ ಅಮ್ಮಾರ. ನಿಮ್ಮನ್ನೂ, ನನ್ನೂ. ಲಾರಿಯಿಂದ ಉಸುಕು ಸುರದಂಗ."

"ನಾವ್ ಸಾಯ್ಲಿಲ್ವಲ್ಲ?"

"ಮೀನಿನಷ್ಟು ಮರ್ಯಾದಿ ನಮಗಿಲ್ಲ. ಅದಕ್ಕ ಸಾಯ್ಲಿಲ್ಲ."

ಡ್ರಮ್ಮು ಮೆಲ್ಲಗೆ ವಾಲುತ್ತದೆ. ಸಣ್ಣವು ಮೊದಲು ಹೋಗುತ್ತವೆ. ದೊಡ್ಡ ಕಾಟ್ಲಾ ಒಂದು ಡ್ರಮ್ಮಿನ ಬಾಯಿಯ ಅಂಚಿನಲ್ಲಿ ನಿಂತು, ಹಳೆಯ ನೀರಿಗೂ ಹೊಸ ನೀರಿಗೂ ನಡುವೆ ಕಿವಿರು ಆಡಿಸುತ್ತ, ಹೋಗಲೊಲ್ಲೆ ಎನ್ನುತ್ತದೆ. ಯಾರೂ ಅದನ್ನು ತಳ್ಳುವುದಿಲ್ಲ. ಕೊನೆಗೆ ಅದೇ ಬಾಲ ಬೀಸುತ್ತದೆ. ಕೆಲವು ಸತ್ತಿವೆ. ಅವನ್ನು ಸಿದ್ದಕ್ಕ ಮುಚ್ಚಿಡುವುದಿಲ್ಲ, ದಡದ ಹುಲ್ಲಿನ ಮೇಲೆ ಸಾಲಾಗಿ ಇಡುತ್ತಾಳೆ. "ಒಂದೂ ಸಾಯಂಗಿಲ್ಲ ಅಂತ ಹೇಳೋರು ಸುಳ್ಳು ಹೇಳ್ತಾರ," ಎನ್ನುತ್ತಾಳೆ. ವೆಂಕಟಮ್ಮ ಆ ಸಾಲನ್ನು ನೋಡಿ, ತನ್ನ ಕೈಗಳನ್ನು ನೋಡಿಕೊಳ್ಳುತ್ತಾಳೆ. "ಇವು ನಿಮ್ಮ ಅನ್ನಕ್ಕಲ್ರಿ, ದಾರಿಗೆ," ಎಂದು ಸಿದ್ದಕ್ಕ ಅವಳತ್ತ ನೋಡದೆ ಹೇಳುತ್ತಾಳೆ. ನಿಜವೋ ಸುಳ್ಳೋ ಅವಳಿಗೇ ಗೊತ್ತು.

ದಡದಲ್ಲಿ ಕಾಲು ಇಳಿಬಿಟ್ಟು ಕೂತಾಗ ಅವಳು ತನ್ನ ಒಂದೇ ಆಸೆ ಹೇಳುತ್ತಾಳೆ. "ಯಾವಾಗ ನೋಡಿದ್ರೂ ಬೆಂಗಳೂರಿಂದ ಹೊರಗ ಒಯ್ಯೂದ ಆತು. ಒಮ್ಮೆ, ಒಮ್ಮೆಯಾರ ಯಾರಾರ ಫೋನ್ ಮಾಡಿ, ಸಿದ್ದಕ್ಕ, ನಮ್ಮಲ್ಲಿ ಒಂದು ಕುಂಟಿ ತೋಡೀವಿ, ಮೀನ ತಂದ್ ಬಿಡು ಅನ್ಲಿ. ಹೂಡಿಗೆ ಮೀನ ತುಂಬ್ಕೊಂಡು ಹೋಗಬೇಕು ನಾನು. ಸಿಗ್ನಲ್ಲಿನಾಗ ಎಷ್ಟ್ ಹೊತ್ತು ನಿಲ್ಲಿಸಿದ್ರೂ ನಿಲ್ತೀನಿ."

ಅಷ್ಟರಲ್ಲಿ ಗಾಡಿಯೊಳಗೆ ಅವಳ ಫೋನು ಕೂಗುತ್ತದೆ. ಅವಳ ಕೈಯೆಲ್ಲ ಮೀನಿನ ಲೋಳೆ. ಸೆರಗಿಗೆ ಕೈ ಒರೆಸಿಕೊಂಡು ವೆಂಕಟಮ್ಮ ಫೋನು ತಂದು, ಒತ್ತಿ, ಸಿದ್ದಕ್ಕನ ಕಿವಿಗೆ ಹಿಡಿಯುತ್ತಾಳೆ. ಗಂಡಸಿನ ದನಿ ಆಚೆಗೂ ಕೇಳುವಷ್ಟು ಜೋರಾಗಿದೆ.

"ಹಲೋ, ಫಿಶ್ ಶಿಫ್ಟಿಂಗಾ? ಪೀಣ್ಯ ಹತ್ರ ಒಂದು ಹೊಂಡ ಇದೆ. ನಾಳೆ ಬರೋಕಾಗುತ್ತಾ?"

ಸಿದ್ದಕ್ಕ ಬಾಯಿ ತೆರೆಯುವ ಮೊದಲೇ ವೆಂಕಟಮ್ಮ ಫೋನನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

"ಇವ್ರ ಎಸ್ರು ಸಿದ್ದಕ್ಕ ಅಂತ," ಎನ್ನುತ್ತಾಳೆ. "ಬರೋ ಮಾತು ಆಮೇಲೆ ಆಡೋಣ. ನೀರು ಯಾಕಪ್ಪಾ ಖಾಲಿ ಮಾಡ್ತಿದ್ದೀರಿ? ಮೊದ್ಲು ಅದನ್ನ ಏಳು."